ಪದ ವಿಚಾರ: ಕರಾಟೆಯಲ್ಲಿ ಕೈ ಎಲ್ಲಿದೆ?

ಪ್ರಶ್ನೆ: ನನ್ನ ಮಗಳು ಎರಡು ವರ್ಷಗಳಿಂದ ಕರಾಟೆ ಕಲಿಯುತ್ತಿದ್ದಾಳೆ. ಕರಾಟೆಯಲ್ಲಿರುವ ‘ಕರ’ ಸಂಸ್ಕೃತದ ‘ಕರ’, ಅಂದರೆ ಕೈ, ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದಾರಂತೆ. ಮೊನ್ನೆ ಟರ್ಕಿ ಭಾಷೆಯಲ್ಲಿ ‘ಕರಾ’ ಎಂದರೆ ಕಪ್ಪು ಎಂದು ಓದಿದಾಗ ನಮ್ಮ ‘ಕರಿ’ ನೆನಪಾಯಿತು. ಇವೆಲ್ಲ ಒಂದೇ ಮೂಲದ ಪದಗಳೇ? ದಯವಿಟ್ಟು ತಿಳಿಸಿ.
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ತಾವು ಹೆಸರಿಸಿದ ಪದಗಳಿಗೆ ಒಂದಕ್ಕೊಂದು ನಂಟಿಲ್ಲ. ಕರಾಟೆ ಎಂಬ ಪದದಲ್ಲಿ ಕೈ ಇರುವುದು ನಿಜ. ಆದರೆ ಅದು ಇರುವುದು ‘ಕರ’ದಲ್ಲಲ್ಲ, ‘ಟೆ’ಯಲ್ಲಿ. ಜಪಾನಿ ಭಾಷೆಯಲ್ಲಿ ಕೈಗೆ ‘ತೆ’ ಎನ್ನುತ್ತಾರೆ. ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದದ್ದರಿಂದ ಅದು ‘ಟೆ’ ಆಗಿದೆ. ‘ಕರ’ ಎಂದರೆ ಬರಿದು, ಖಾಲಿ. ಆದ್ದರಿಂದ ಕರಾಟೆಗೆ ಕನ್ನಡದಲ್ಲಿ ‘ಬರಿಗೈ’ ಎಂಬ ಮಾತು ಅಚ್ಚುಕಟ್ಟಾಗಿ ಒಪ್ಪುತ್ತದೆ. ಹಾಡಿಲ್ಲದೆ ವಾದ್ಯದ ಹಿಮ್ಮೇಳವಷ್ಟೇ ಇರುವ ‘ಕರಾಒಕೆ’ಯಲ್ಲಿಯೂ ಇದೇ ‘ಕರ’ ಇದೆ. ಅಲ್ಲಿಯ ‘ಒಕೆ’ ಆರ್ಕೆಸ್ಟ್ರಾ ಎಂಬುದರ ಮೊಟಕು ರೂಪ.

ಈ ‘ಬರಿದು’ ಎಂಬ ಅರ್ಥವೂ ಮೊದಲಿನಿಂದ ಇದ್ದದ್ದಲ್ಲ. ಒಕಿನಾವಾ ದ್ವೀಪದಲ್ಲಿ ಚೀನಾದ ಸಮರಕಲೆಗಳ ಪ್ರಭಾವದಿಂದ ಬೆಳೆದ ಈ ವಿದ್ಯೆಯ ಹೆಸರನ್ನು ಬರೆಯುವಾಗ, ಹಿಂದೆ ಚೀನಾದ ಟಾಂಗ್ ರಾಜವಂಶವನ್ನು ಸೂಚಿಸುವ ಅಕ್ಷರವನ್ನು ಬಳಸುತ್ತಿದ್ದರು. ಅದನ್ನೂ ‘ಕರ’ ಎಂದೇ ಓದುತ್ತಾರೆ. ಆಗ ಕರಾಟೆ ಎಂದರೆ ‘ಚೀನಾದ ಕೈ’ ಎಂದಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದರ ಬದಲು ‘ಬರಿದು’ ಎಂಬ ಅಕ್ಷರ ಬಳಕೆಗೆ ಬಂದಿತು, ಮತ್ತು 1936ರ ಅಕ್ಟೋಬರ್ 25ರಂದು ನಾಹಾ ನಗರದಲ್ಲಿ ಸೇರಿದ ಒಕಿನಾವಾದ ಗುರುಗಳು ಅದಕ್ಕೆ ಒಪ್ಪಿಗೆಯಿತ್ತರು. ಉಚ್ಚಾರಣೆ ಇದ್ದಲ್ಲಿಯೇ ಇತ್ತು, ಅರ್ಥ ಮಾತ್ರ ಬದಲಾಯಿತು. ತಮ್ಮ ಮಗಳಿಗೆ ಈ ಕಥೆಯನ್ನು ಹೇಳಿದರೆ ಅವಳು ತನ್ನ ವಿದ್ಯೆಯನ್ನು ಇನ್ನಷ್ಟು ಗೌರವದಿಂದ ಕಾಣುತ್ತಾಳೆಂದು ನನ್ನ ನಂಬಿಕೆ.

ಇನ್ನು ಸಂಸ್ಕೃತದ ‘ಕರ’. ‘ಬಲಿಹಸ್ತಾಂಶವಃ ಕರಾಃ’ ಎನ್ನುತ್ತದೆ ಅಮರಕೋಶ. ಅಂದರೆ ತೆರಿಗೆ, ಕೈ, ಕಿರಣ ಈ ಮೂರೂ ‘ಕರ’. ಇವು ಕೂಡ ಒಂದೇ ಪದವಲ್ಲ. ಕೈ ಎಂಬ ಅರ್ಥದ ‘ಕರ’ವನ್ನು ಮಾಡು ಎಂಬ ಅರ್ಥದ ‘ಕೃ’ ಧಾತುವಿನಿಂದಲೂ, ಕಿರಣ ಮತ್ತು ತೆರಿಗೆ ಎಂಬ ಅರ್ಥಗಳ ‘ಕರ’ವನ್ನು ಚೆಲ್ಲು, ಹರಡು ಎಂಬ ಅರ್ಥದ ದೀರ್ಘ ‘ಕೄ’ ಧಾತುವಿನಿಂದಲೂ ಬಿಡಿಸುತ್ತಾರೆ. ದಿವಾಕರ, ಪ್ರಭಾಕರ ಎಂಬ ಹೆಸರುಗಳು ಸೂರ್ಯನವಾದ್ದರಿಂದ ಅಲ್ಲಿಯ ‘ಕರ’ ಕಿರಣವೆಂದು ಹಲವರು ತಿಳಿಯುತ್ತಾರೆ. ಆದರೆ ಪಾಣಿನಿ ಆ ಎರಡನ್ನೂ ‘ಕೃ’ ಧಾತುವಿನಿಂದಲೇ ಸಾಧಿಸಿದ್ದಾನೆ, ಹಗಲನ್ನು ಮಾಡುವವನು ದಿವಾಕರ, ಬೆಳಕನ್ನು ಮಾಡುವವನು ಪ್ರಭಾಕರ. ಆನೆಗೆ ‘ಕರಿ’ ಎನ್ನುವುದೂ ಅದರ ಮೈಬಣ್ಣದಿಂದಲ್ಲ. ಸೊಂಡಿಲನ್ನು ಕೈಯೆಂದು ಭಾವಿಸಿ, ಕೈಯುಳ್ಳದ್ದು ಎಂಬ ಅರ್ಥದಲ್ಲಿ ಸಂಸ್ಕೃತವು ಕೊಟ್ಟ ಹೆಸರು ಅದು. ಕನ್ನಡದ ‘ಕರಿ’ ಬಣ್ಣ ಬೇರೆ, ಸಂಸ್ಕೃತದ ‘ಕರಿ’ ಆನೆ ಬೇರೆ.

ಟರ್ಕಿಯ ‘ಕರಾ’ ಮತ್ತು ನಮ್ಮ ‘ಕರಿ’ಯ ಪ್ರಶ್ನೆ ಹೆಚ್ಚು ಗಂಭೀರವಾದದ್ದು, ಏಕೆಂದರೆ ಇಲ್ಲಿ ಧ್ವನಿಯ ಜೊತೆಗೆ ಅರ್ಥವೂ ಹೊಂದುತ್ತದೆ. ಕಪ್ಪು ಸಮುದ್ರಕ್ಕೆ ಟರ್ಕಿಯವರು ‘ಕರಾದೆನಿಜ್’ ಎನ್ನುತ್ತಾರೆ. ತುರ್ಕ್‌ಮೆನಿಸ್ತಾನದ ಕರಾಕುಮ್ ಮರುಭೂಮಿಯ ಹೆಸರಿಗೆ ಕರಿ ಮರಳು ಎಂದೂ, ನಮ್ಮ ಉತ್ತರದ ಗಡಿಯಲ್ಲಿರುವ ಕಾರಕೋರಂ ಪರ್ವತಶ್ರೇಣಿಯ ಹೆಸರಿಗೆ ಕರಿ ಜಲ್ಲಿಕಲ್ಲು ಎಂದೂ ಅರ್ಥ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಕೂಡ ದ್ರಾವಿಡಕ್ಕೆ ಟರ್ಕಿ ಮೊದಲಾದ ಭಾಷೆಗಳೊಡನೆ ರಕ್ತಸಂಬಂಧವಿದೆಯೆಂದು ವಾದಿಸಿದ್ದರು. ಆ ವಾದ ವಿದ್ವಾಂಸರ ಸಮ್ಮತಿ ಪಡೆದು ನಿಲ್ಲಲಿಲ್ಲ.

ಕಾರಣವನ್ನು ನಮ್ಮ ಮನೆಯ ಮಾತಿನಲ್ಲಿಯೇ ಕಾಣಬಹುದು. ಹಳಗನ್ನಡದ ಪಾಲ್, ಪಲ್, ಪುಲಿ ಎಂಬವು ಹೊಸಗನ್ನಡದಲ್ಲಿ ಹಾಲು, ಹಲ್ಲು, ಹುಲಿ ಆದವು. ತಮಿಳಿನಲ್ಲಿ ಇಂದಿಗೂ ಪಾಲ್, ಪಲ್, ಪುಲಿ. ಒಂದರಲ್ಲಿ ಪಕಾರವಿರುವ ಕಡೆ ಇನ್ನೊಂದರಲ್ಲಿ ಹಕಾರ ಎಂಬ ಈ ನಿಯಮ ಪದದಿಂದ ಪದಕ್ಕೆ ನಡೆದು ಬರುವುದರಿಂದಲೇ ಕನ್ನಡ ಮತ್ತು ತಮಿಳು ಒಡಹುಟ್ಟಿದ ಭಾಷೆಗಳೆಂದು ಧೈರ್ಯವಾಗಿ ಹೇಳುತ್ತೇವೆ. ಟರ್ಕಿ ಭಾಷೆಯಲ್ಲಿ ಹಾಲು ‘ಸ್ಯುತ್’, ಹಲ್ಲು ‘ದಿಶ್’, ಎರಡು ‘ಇಕಿ’. ಇವುಗಳಲ್ಲಿ ನಮ್ಮ ಪದಗಳೊಡನೆ ಅಂಥ ಯಾವ ನಿಯಮವೂ ಕಾಣಿಸದೆ ‘ಕರಾ’ ಒಂದೇ ಹೊಂದಿಕೊಂಡರೆ ಅದು ಆಕಸ್ಮಿಕವೆನ್ನಬೇಕು. ಕಕಾರ, ರಕಾರ, ಅಕಾರಗಳು ಲೋಕದ ಬಹುಪಾಲು ಭಾಷೆಗಳಲ್ಲಿ ಇರುವ ಧ್ವನಿಗಳು. ಎರಡೇ ಅಕ್ಷರದ ಪದದಲ್ಲಿ ಇಂಥ ಕಾಕತಾಳೀಯ ಅಪರೂಪವೇನಲ್ಲ.

ತದ್ವಿರುದ್ಧವಾಗಿ, ನಿಜವಾದ ನೆಂಟರು ಮೇಲುನೋಟಕ್ಕೆ ಗುರುತೇ ಸಿಗದಂತೆ ಇರುತ್ತಾರೆ. ‘ಕಪ್ಪು’ ಎಂಬ ಪದದಲ್ಲಿ ರಕಾರದ ಸುಳಿವೇ ಇಲ್ಲ, ಆದರೂ ಅದು ‘ಕರಿ’ಯ ಸ್ವಂತ ಬಂಧು. ಇರ್ಪತ್ತು ಎಂಬುದು ಇಪ್ಪತ್ತು ಆದಂತೆಯೇ ‘ಕರ್ಪು’ ಎಂಬುದು ‘ಕಪ್ಪು’ ಆಗಿದೆ. ಮಳೆಗಾಲದ ‘ಕಾರ್ಮುಗಿಲು’ ಎಂಬಲ್ಲಿ ಅದೇ ಮೂಲ ದೀರ್ಘವಾಗಿ ನಿಂತಿದೆ.

ಸ್ಪ್ಯಾನಿಷಿನಲ್ಲಿ ‘ಕಾರಾ’ ಎಂದರೆ ಮುಖ, ಇಟಾಲಿಯನ್ನಿನಲ್ಲಿ ಪ್ರಿಯಳಾದವಳು. ಆ ಎರಡೂ ಲ್ಯಾಟಿನ್ನಿನ ಮಕ್ಕಳಾದರೂ ಈ ಪದಗಳು ಬೇರೆ ಬೇರೆ.

ಟರ್ಕಿಯಲ್ಲಿ ಇನ್ನೊಂದು ‘ಕರಾ’ ಉಂಟು: ನೆಲ, ಭೂಭಾಗ. ಖಂಡ ಎಂಬ ಅರ್ಥದ ‘ಕಾರ್‍ರಾ’ ಎಂಬ ಅರಬ್ಬಿ ಪದದಿಂದ ಬಂದದ್ದು ಇದು. ತಾವು ಟರ್ಕಿಯ ಸುದ್ದಿಯಲ್ಲಿ ‘ಕರಾ ಕುವ್ವೆತ್ಲೆರಿ’ ಎಂಬ ಹೆಸರನ್ನು ಕಂಡರೆ ಅದನ್ನು ಕರಿಯ ಪಡೆ ಎಂದು ತಿಳಿಯಬಾರದು. ಅದು ಆ ದೇಶದ ಭೂಸೇನೆ.