ದೊಡ್ಡ ಕಂಪನಿ ಮೇಲೆ ದೂರು ಹೇಳಿದವರನ್ನೇ ಜನ ಯಾಕೆ ಬೈಯುತ್ತಾರೆ?

ನಿಮ್ಮ ತಂಗಿ ಮೊಬೈಲ್ ತಯಾರಿಸುವ ದೊಡ್ಡ ಕಂಪನಿಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದಾಳೆ, ಎರಡು ತಿಂಗಳಿಂದ ಸಂಬಳ ಕಡಿಮೆ ಬರುತ್ತಿದೆ ಅಂತ ಬರೆದಿದ್ದೀರಿ. ದೂರು ಕೊಡೋಣ ಅಂದರೆ ‘ಜನ ನಮ್ಮನ್ನೇ ಬೈತಾರೆ’ ಅಂತ ಹೆದರುತ್ತಾಳಂತೆ. ಹಾಗೆ ಯಾಕೆ ಬೈತಾರೆ, ದೂರು ಕೊಡಬೇಕೋ ಬೇಡವೋ ಅನ್ನುವುದು ನಿಮ್ಮ ಪ್ರಶ್ನೆ.

ಅವಳ ಹೆದರಿಕೆ ಸುಳ್ಳಲ್ಲ. ಬೈತಾರೆ. ಆದರೆ ಆ ಬೈಗುಳ ಎಷ್ಟು ದಿನದ್ದು, ಅದರಲ್ಲಿ ಎಷ್ಟು ತಿಳಿದು ಬೈದದ್ದು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾನು ಹೊಸಕೋಟೆ ಕಡೆಯ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಟೈಮ್ ಆಫೀಸಿನಲ್ಲಿದ್ದೆ. ಹಾಜರಿ, ಓಟಿ, ರಜೆ ಎಲ್ಲ ನಮ್ಮ ಕೈಯಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನರಸಾಪುರದ ಗಲಾಟೆ ನಿಮಗೆ ನೆನಪಿರಬಹುದು. 2020ರ ಡಿಸೆಂಬರ್ 12, ಶನಿವಾರ ಬೆಳಗ್ಗೆ. ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಆಪಲ್‌ಗೆ ಐಫೋನ್ ಜೋಡಿಸಿಕೊಡುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿ. ಶಿಫ್ಟ್ ಬದಲಾಗುವ ಹೊತ್ತಿಗೆ ಕಾರ್ಮಿಕರು ಸಿಟ್ಟಿಗೆದ್ದರು. ಗಾಜು ಒಡೆದರು, ವಾಹನ ಉರುಳಿಸಿದರು, ಬೆಂಕಿ ಹಚ್ಚಿದರು. ಮಧ್ಯಾಹ್ನದೊಳಗೆ ಆ ವಿಡಿಯೊ ಎಲ್ಲರ ಫೋನಿನಲ್ಲಿತ್ತು. ನನ್ನ ಫೋನಿಗೇ ಏಳೆಂಟು ಗ್ರೂಪಿನಿಂದ ಬಂತು.

ಮೊದಲ ಎರಡು ದಿನ ಜನ ಏನಂದರು ಅಂತ ನೆನಪಿಸಿಕೊಳ್ಳಿ. ‘ಅನ್ನ ಹಾಕಿದ ಕೈಯನ್ನೇ ಕಚ್ಚಿದರು.’ ‘ರಾಜ್ಯದ ಮಾನ ಹೋಯಿತು.’ ‘ಇನ್ನು ಯಾವ ಕಂಪನಿ ಬರುತ್ತೆ ಇಲ್ಲಿಗೆ?’ ಪ್ರಧಾನಿಯವರಿಗೂ ಆತಂಕವಾಗಿದೆ ಅಂತ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಹೇಳಿದರು. ವಿದ್ಯಾರ್ಥಿ ಸಂಘಟನೆಯ ಕೈವಾಡ ಅಂತ ಒಂದು ಮಾತು ಹುಟ್ಟಿತು. ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದರು. 437 ಕೋಟಿ ರೂಪಾಯಿ ನಷ್ಟ ಅಂತ ಕಂಪನಿಯವರು ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಬರೆಸಿದ್ದರು. ಎಲ್ಲ ಕಡೆ ಅದೇ ಸಂಖ್ಯೆ ಓಡಾಡಿತು.

ಸ್ವಲ್ಪ ದಿನದಲ್ಲೇ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ಲೆಕ್ಕ ನಮ್ಮ ದುಡ್ಡಿನಲ್ಲಿ ಸುಮಾರು 26ರಿಂದ 52 ಕೋಟಿ. ಅದೂ ದೊಡ್ಡ ಮೊತ್ತವೇ. ಆದರೆ 437 ಎಲ್ಲಿ, 52 ಎಲ್ಲಿ? ಈ ಎರಡನೇ ಲೆಕ್ಕವನ್ನು ನನಗೆ ಯಾವ ಗ್ರೂಪಿನಿಂದಲೂ ಯಾರೂ ಕಳಿಸಲಿಲ್ಲ.

ಕಾರ್ಮಿಕರ ದೂರು ಏನಿತ್ತು? ಎಂಜಿನಿಯರಿಂಗ್ ಓದಿದವರಿಗೆ 21 ಸಾವಿರ ಅಂತ ಹೇಳಿ 16 ಸಾವಿರ ಕೊಟ್ಟರು, ಆಮೇಲೆ ಅದೂ 12 ಸಾವಿರಕ್ಕೆ ಇಳಿಯಿತು ಅಂದರು. ಎಂಟು ಗಂಟೆ ಶಿಫ್ಟ್ ಹನ್ನೆರಡು ಗಂಟೆಯಾಯಿತು, ಓಟಿ ದುಡ್ಡು ಸರಿಯಾಗಿ ಬರಲಿಲ್ಲ ಅಂದರು. ರಾಜ್ಯದ ಕಾರ್ಖಾನೆಗಳ ಇಲಾಖೆಯವರು ಹೋಗಿ ನೋಡಿದರು. ಐದು ಸಾವಿರ ಇದ್ದ ಜನ ಸ್ವಲ್ಪ ಸಮಯದಲ್ಲೇ ಹತ್ತು ಸಾವಿರ ದಾಟಿದ್ದರು. ಅಷ್ಟು ಜನರನ್ನು ನೋಡಿಕೊಳ್ಳುವ ಎಚ್‌ಆರ್ ವಿಭಾಗ ಇರಲಿಲ್ಲ. ಹಾಜರಿ ಯಂತ್ರದ ವ್ಯವಸ್ಥೆ ಅಕ್ಟೋಬರ್‌ನಿಂದಲೇ ಕೆಟ್ಟಿತ್ತು. ಹೆಚ್ಚಿನವರು ಬೇರೆ ಬೇರೆ ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು, ಕಾಯಂ ನೌಕರರು ಬಹಳ ಕಡಿಮೆ. ಅಂದರೆ ಹುಡುಗರು ಹೇಳಿದ್ದರಲ್ಲಿ ತಿರುಳಿತ್ತು.

ಹಾಜರಿ ಕೆಟ್ಟಿತ್ತು ಅನ್ನುವ ಒಂದು ಸಾಲನ್ನು ಪೇಪರಿನಲ್ಲಿ ಓದಿದಾಗ ನನಗೆ ಎದೆ ಧಸಕ್ಕೆಂದಿತು. ಯಾಕೆ ಅಂತ ಹೇಳುತ್ತೇನೆ. ಇದು ನಾನಿದ್ದ ಕಾರ್ಖಾನೆಯ ಮಾತು, ನರಸಾಪುರದ್ದಲ್ಲ.

ನಮ್ಮಲ್ಲೂ ಒಮ್ಮೆ ಶಿಫ್ಟ್ ಬದಲಾಯಿಸಿದರು. ನೈಟ್ ಶಿಫ್ಟಿನವರು ಒಳಗೆ ಹೋಗುವಾಗ ಪಂಚ್ ಮಾಡಿದ್ದು ಒಂದು ತಾರೀಕು, ಹೊರಗೆ ಬರುವಾಗ ಮರುದಿನದ ತಾರೀಕು. ಇವೆರಡನ್ನೂ ಸಾಫ್ಟ್‌ವೇರ್ ಜೋಡಿ ಮಾಡಬೇಕು. ಎಂಟು ಗಂಟೆಗೆ ಸೆಟ್ ಮಾಡಿದ್ದನ್ನು ಹಾಗೇ ಬಿಟ್ಟು ಹನ್ನೆರಡು ಗಂಟೆ ದುಡಿಸಿದರೆ ಜೋಡಿ ತಪ್ಪುತ್ತದೆ. ಜೋಡಿ ಸಿಗದಿದ್ದರೆ ಅದು ‘ಎ’ ಅಂತ ಹಾಕುತ್ತದೆ. ಎ ಅಂದರೆ ಆಬ್ಸೆಂಟ್. ರಾತ್ರಿಯಿಡೀ ನಿಂತು ದುಡಿದವರು ಲೆಕ್ಕದಲ್ಲಿ ಕೆಲಸಕ್ಕೇ ಬಂದಿರುವುದಿಲ್ಲ.

ಮುಳಬಾಗಿಲು ಕಡೆಯ ಒಬ್ಬ ಹುಡುಗಿ, ಇಪ್ಪತ್ತೊಂದು ವರ್ಷ ಇರಬಹುದು, ನಮ್ಮ ಕಿಟಕಿಗೆ ಬಂದಳು. ಐದು ದಿನದ ಸಂಬಳ ಬಂದಿಲ್ಲ ಅಂದಳು. ಎಲ್ಲರೂ ಹೇಳುವುದು ಅದನ್ನೇ, ಲೆಕ್ಕ ಏನಿದೆ ಅಂತ ಕೇಳಿದೆ. ಅವಳು ಬ್ಯಾಗಿನಿಂದ ನಾಲ್ಕು ಮಡಿಕೆ ಮಾಡಿದ ಕ್ಯಾಲೆಂಡರ್ ಹಾಳೆ ತೆಗೆದಳು. ಮನೆಯ ಗೋಡೆಯಿಂದ ಹರಿದು ತಂದದ್ದು. ಮೇಲೆ ಮೊಳೆ ಹೊಡೆದ ತೂತು ಹಾಗೇ ಇತ್ತು. ಪ್ರತಿ ತಾರೀಕಿನ ಚೌಕದಲ್ಲಿ ಎರಡು ಬರಹ. ಒಂದು ಅವರಮ್ಮ ಡೇರಿಗೆ ಹಾಕಿದ ಹಾಲು, ಲೀಟರ್ ಲೆಕ್ಕದಲ್ಲಿ. ಅದರ ಕೆಳಗೆ ಇವಳ ಶಿಫ್ಟ್: ‘ನೈ’ ಅಂದರೆ ನೈಟ್, ‘ಬೆ’ ಅಂದರೆ ಬೆಳಗಿನದು. ಎಣಿಸಿದರೆ ಇಪ್ಪತ್ತಾರು. ನಮ್ಮ ಕಂಪ್ಯೂಟರಿನಲ್ಲಿ ಇಪ್ಪತ್ತೊಂದು. ತಪ್ಪಿದ ಐದೂ ‘ನೈ’.

‘ಡೇರೀಲಿ ಒಂದು ಲೀಟರ್ ತಪ್ಪಿದ್ರೆ ಮಾರನೇ ದಿನಾನೇ ಸರಿ ಮಾಡ್ತಾರೆ ಸಾರ್. ಇಲ್ಲಿ ಯಾರನ್ನ ಕೇಳ್ಬೇಕು?’ ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಜರಿ ನಮ್ಮದು, ಸಂಬಳ ಹಾಕುವವನು ಗುತ್ತಿಗೆದಾರ. ನಾವು ಅವನನ್ನು ಕೇಳು ಅನ್ನುತ್ತಿದ್ದೆವು, ಅವನು ಕಂಪನಿ ಕೊಟ್ಟ ಹಾಜರಿಯಂತೆ ಹಾಕಿದ್ದೇನೆ ಅನ್ನುತ್ತಿದ್ದ. ಅವನ ಕಡೆಯವನು ಗೇಟಿಗೆ ಬರುತ್ತಿದ್ದುದು ವಾರಕ್ಕೆ ಎರಡು ಸಲ, ಅದೂ ಇವಳು ನಿದ್ದೆ ಮಾಡುವ ಹೊತ್ತಿಗೆ. ನಾನು ಅವಳ ಹಾಳೆ ನೋಡಿ ಮೇಲಕ್ಕೆ ಮೇಲ್ ಕಳಿಸಿದೆ. ಮೂರು ದಿನದ್ದು ಬಂತು, ಎರಡು ದಿನದ್ದು ಬರಲೇ ಇಲ್ಲ. ನಾಲ್ಕನೇ ತಿಂಗಳು ಅವಳು ಕೆಲಸ ಬಿಟ್ಟಳು. ಆ ಎರಡು ದಿನಕ್ಕಾಗಿ ನಾನು ಇನ್ನೊಂದು ಮೇಲ್ ಹಾಕಬೇಕಿತ್ತು. ಹಾಕಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಈಗ ಹೊರಗಿನವರಿಗೆ ಇದನ್ನು ಹೇಳಿ ನೋಡಿ. ‘ಐದು ದಿನದ ಸಂಬಳ ತಾನೇ’ ಅನ್ನುತ್ತಾರೆ. ಬೈಗುಳಕ್ಕೆ ಮೊದಲ ಕಾರಣ ಇದು ಅಂತ ನನಗನ್ನಿಸುತ್ತದೆ. ದೂರು ಒಂದೊಂದಾಗಿ ಕೇಳಿದರೆ ತುಂಬಾ ಚಿಕ್ಕದಾಗಿ ಕಾಣುತ್ತದೆ. ಐದು ದಿನ, ಎರಡು ಸಾವಿರ, ಬಸ್ ತಡ, ಊಟ ಸರಿಯಿಲ್ಲ. ಸುಮ್ನೆ ಗೊಣಗುತ್ತಾರೆ ಅನ್ನಿಸುತ್ತದೆ. ಅದೇ ಐದು ದಿನ ಸಾವಿರಾರು ಜನಕ್ಕೆ ತಿಂಗಳುಗಟ್ಟಲೆ ಆದಾಗ ಏನಾಗುತ್ತದೆ ಅಂತ ಯಾರೂ ಕೂಡಿ ನೋಡುವುದಿಲ್ಲ. ಕಿಟಕಿಯ ಹಿಂದೆ ಕೂತ ನಾವೂ ನೋಡಲಿಲ್ಲ.

ಎರಡನೆಯದು ಭಯ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್‌ಗಳಿವೆ. ಹೊಲ ನಂಬಿ ಬದುಕೋದು ಕಷ್ಟ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದಾಗ ಒಂದಿಡೀ ಊರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ದುಡಿದು ಬರುವ ಊರಾಯಿತು. ಅದನ್ನು ಕಣ್ಣಾರೆ ಕಂಡವರು, ಹುಡುಗರಿಗೆ ರೂಮು ಬಾಡಿಗೆ ಕೊಟ್ಟವರು, ಹೋಟೆಲ್ ಇಟ್ಟವರು, ‘ಕಂಪನಿ ಹೋಗಿಬಿಟ್ಟರೆ ಗತಿ ಏನಪ್ಪಾ’ ಅಂದರೆ ಅವರನ್ನು ನಾನು ತಪ್ಪು ಅನ್ನಲಾರೆ. ಆದರೆ ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ‘ಇವರಿಗೆ ಕೆಲಸದ ಬೆಲೆ ಗೊತ್ತಿಲ್ಲ’ ಅಂದವರದು ಬೇರೆ. ಅವರಿಗೆ ಕಂಪನಿಯ ಹೆಸರು ಹೆಮ್ಮೆ. ಆ ಹೆಮ್ಮೆಗೆ ಪೆಟ್ಟು ಬಿದ್ದದ್ದಷ್ಟೇ ಕಂಡಿತು.

ಒಡೆದದ್ದು, ಸುಟ್ಟದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಜೈಲಿಗೆ ಹೋದವರು ಹುಡುಗರೇ, ತಿಂಗಳುಗಟ್ಟಲೆ ಫ್ಯಾಕ್ಟರಿ ನಿಂತಾಗ ಕೆಲಸವಿಲ್ಲದೆ ಕೂತವರೂ ಅವರೇ. ‘ಶಾಂತವಾಗಿ ದೂರು ಕೊಡಬಹುದಿತ್ತಲ್ವಾ’ ಅಂತ ಆಗ ತುಂಬಾ ಜನ ಕೇಳಿದರು. ನಾನೂ ಕೇಳಿದ್ದೆ.

ಆದರೆ ಶಾಂತವಾಗಿ ಕೊಟ್ಟಾಗ ಏನಾಯಿತು ಅಂತಲೂ ನೋಡಿದೆವಲ್ಲ. ಮುಂದಿನ ವರ್ಷವೇ, 2021ರ ಡಿಸೆಂಬರ್‌ನಲ್ಲಿ, ತಮಿಳುನಾಡಿನ ಶ್ರೀಪೆರಂಬದೂರು ಹತ್ತಿರ, ಐಫೋನ್ ಜೋಡಿಸುವ ಇನ್ನೊಂದು ಕಂಪನಿ ಫಾಕ್ಸ್‌ಕಾನ್ ಕಾರ್ಖಾನೆಯ ಹೆಣ್ಣುಮಕ್ಕಳು ಹಾಸ್ಟೆಲ್ ಊಟ ತಿಂದು ಕಾಯಿಲೆ ಬಿದ್ದರು. ನೂರೈವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಉಳಿದವರು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಅವರು ಏನನ್ನೂ ಒಡೆಯಲಿಲ್ಲ. ನನಗೆ ಗೊತ್ತಿರುವವರು ಮಾತಾಡಿದ್ದು ಟ್ರಾಫಿಕ್ ಬಗ್ಗೆ.

ಆಮೇಲೆ 2025ರ ಫೆಬ್ರವರಿ. ಇನ್ಫೋಸಿಸ್ ತನ್ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿತು. ಮೂರು ಸಲ ಅವಕಾಶ ಕೊಟ್ಟರೂ ಒಳಗಿನ ಪರೀಕ್ಷೆ ಪಾಸಾಗಲಿಲ್ಲ, ಈ ನಿಯಮ ಎರಡು ದಶಕದಿಂದಲೂ ಇದೆ ಅನ್ನುವುದು ಕಂಪನಿಯ ಮಾತು. ಅವರಲ್ಲಿ ಹಲವರು ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದು ಸೇರಿದವರು. ಐಟಿ ನೌಕರರ ಪರವಾದ ನೈಟ್ಸ್ ಅನ್ನುವ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಸಚಿವಾಲಯ ರಾಜ್ಯದ ಇಲಾಖೆಗೆ ಬರೆಯಿತು. ಇದಕ್ಕಿಂತ ಶಾಂತವಾಗಿ ಹೇಗೆ ದೂರು ಕೊಡುವುದು? ಆದರೂ ನಮ್ಮ ಕಡೆಯ ಮದುವೆ ಮನೆಯೊಂದರಲ್ಲಿ ನನ್ನ ಕಿವಿಯಾರೆ ಕೇಳಿದ ಮಾತು: ‘ಓದದೇ ಇದ್ದೋರ್ನ ಇಟ್ಕೊಂಡು ಪೂಜೆ ಮಾಡ್ತಾರಾ?’ ಪರೀಕ್ಷೆಯಲ್ಲಿ ಫೇಲ್ ಆದದ್ದು ಅವರ ಬಾಯಲ್ಲಿತ್ತು. ಕಾಯಿಸಿದ ಎರಡು ವರ್ಷ ಯಾರ ಬಾಯಲ್ಲೂ ಇರಲಿಲ್ಲ. ಕಂಪನಿಯದೂ ಒಂದು ವಾದ ಇರಬಹುದು, ಅದನ್ನು ಕೇಳೋಣ. ಮಕ್ಕಳ ವಾದವನ್ನೂ ಕೇಳಬೇಕಲ್ಲವೇ?

ಹಾಗಾಗಿ ನಿಮ್ಮ ತಂಗಿಗೆ ಹೇಳಿ: ಹೇಗೆ ದೂರು ಕೊಟ್ಟರೂ ಕೆಲವರು ಬೈಯುತ್ತಾರೆ. ಮೆತ್ತಗೆ ಕೊಟ್ಟರೆ ಬೈಯಲ್ಲ ಅನ್ನುವುದು ನಿಜವಲ್ಲ. ಅವರ ಬಾಯಿ ನೋಡಿಕೊಂಡು ದೂರು ಕೊಡುವುದೋ ಬಿಡುವುದೋ ಮಾಡಬೇಡಿ. ಅವರು ಹತ್ತನೇ ದಿನಕ್ಕೆ ಬೇರೆ ವಿಡಿಯೊ ನೋಡುತ್ತಿರುತ್ತಾರೆ.

ನರಸಾಪುರದಲ್ಲಿ ಮುಂದೆ ಏನಾಯಿತು ಅಂತ ಬೈದವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಡಿಸೆಂಬರ್ 19ಕ್ಕೆ, ಅಂದರೆ ಒಂದೇ ವಾರಕ್ಕೆ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿಲ್ಲ ಅಂತ ವಿಸ್ಟ್ರಾನ್ ಒಪ್ಪಿಕೊಂಡಿತು. ಕಾರ್ಮಿಕರ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಅಂತ ಆಪಲ್ ಹೇಳಿತು. ದೂರು ಹೇಳಿಕೊಳ್ಳಲು 24 ಗಂಟೆಯ ಸಹಾಯವಾಣಿ ಶುರು ಮಾಡಿದರು, ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಐದು ಭಾಷೆಯಲ್ಲಿ. ಆ ಸಹಾಯವಾಣಿ ಅಕ್ಟೋಬರ್‌ನಲ್ಲೇ ಇದ್ದಿದ್ದರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. 2021ರಲ್ಲಿ ಕೆಲಸ ಮತ್ತೆ ಶುರುವಾಯಿತು. 2023ರಲ್ಲಿ ಟಾಟಾದವರು ಆ ಕಾರ್ಖಾನೆ ಕೊಂಡುಕೊಂಡರು. ಕಂಪನಿಗಳು ಓಡಿಹೋಗುತ್ತವೆ ಅಂದದ್ದು ಆಗಲಿಲ್ಲ. ಅಲ್ಲಿ ಇವತ್ತಿಗೂ ಐಫೋನ್ ತಯಾರಾಗುತ್ತಿದೆ.

ಇನ್ನು ಮಾಡಬೇಕಾದದ್ದು. ಅವಳು ಯಾವ ಗುತ್ತಿಗೆ ಸಂಸ್ಥೆಯ ಮೂಲಕ ಇದ್ದಾಳೆ ಅಂತ ಐಡಿ ಕಾರ್ಡಿನಲ್ಲಿ, ಪೇ ಸ್ಲಿಪ್ಪಿನಲ್ಲಿ ನೋಡಿ. ಪೇ ಸ್ಲಿಪ್ ಕೊಡದಿದ್ದರೆ ಕೇಳಿ ತೆಗೆದುಕೊಳ್ಳಲಿ. ಪಿಎಫ್ ಪಾಸ್‌ಬುಕ್ ತೆಗೆದು ಪ್ರತಿ ತಿಂಗಳು ದುಡ್ಡು ಬಿದ್ದಿದೆಯಾ ನೋಡಿ. ಅಲ್ಲಿ ಹಿಡಿದ ಮೊತ್ತ ನೋಡಿದರೆ ಅವಳ ಸಂಬಳ ಎಷ್ಟು ಅಂತ ಅವರು ತೋರಿಸಿದ್ದಾರೆ ಅನ್ನುವುದೂ ತಿಳಿಯುತ್ತದೆ. ಮೊದಲು ಎಚ್‌ಆರ್‌ಗೆ ಬರಹದಲ್ಲೇ ಕೇಳಲಿ, ಬಾಯಿಮಾತು ಸಾಲದು. ಮೇಲ್ ಆದರೂ ಸರಿ, ವಾಟ್ಸಾಪ್ ಆದರೂ ಸರಿ. ಒಂದೇ ಲೈನಿನಲ್ಲಿ ಇನ್ನೂ ನಾಲ್ಕು ಜನಕ್ಕೆ ಹೀಗೇ ಆಗಿದ್ದರೆ ಸೇರಿಯೇ ಕೇಳಲಿ. ಒಬ್ಬಳೇ ಕಿಟಕಿಗೆ ಬಂದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ.

ಅಲ್ಲೂ ಆಗದಿದ್ದರೆ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಅಲ್ಲಿ ‘ನಮಗೇನೂ ಸಂಬಂಧವಿಲ್ಲ, ಗುತ್ತಿಗೆದಾರರದ್ದು’ ಅಂತ ಕಂಪನಿಯವರು ಹೇಳಿದರೆ ಒಪ್ಪಬೇಡಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ದುಡಿಸಿಕೊಂಡ ಮುಖ್ಯ ಕಂಪನಿಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೂ ಕಾನೂನಿದೆ. ಟೈಮ್ ಆಫೀಸಿನಲ್ಲಿದ್ದ ನಮಗೆ ಇದು ಗೊತ್ತಿತ್ತು, ಕಿಟಕಿಗೆ ಬರುವವರಿಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಮೊದಲು ಇವತ್ತಿನಿಂದಲೇ ಕ್ಯಾಲೆಂಡರಿನಲ್ಲಿ ಬರೆಯಲು ಹೇಳಿ. ಯಾವ ದಿನ, ಯಾವ ಶಿಫ್ಟ್, ಒಳಗೆ ಹೋದದ್ದು ಎಷ್ಟು ಗಂಟೆಗೆ, ಹೊರಗೆ ಬಂದದ್ದು ಎಷ್ಟು ಗಂಟೆಗೆ. ತಿಂಗಳು ಮುಗಿದ ಮೇಲೆ ಫೋಟೊ ತೆಗೆದು ನಿಮಗೂ ಒಂದು ಕಳಿಸಲಿ, ಹಾಳೆ ಕಳೆದರೂ ನಿಮ್ಮ ಹತ್ತಿರ ಇರುತ್ತದೆ. ಪೇ ಸ್ಲಿಪ್ ಜೊತೆ ಹೊಂದಿಸಿ ನೋಡುವಾಗ ಎಲ್ಲಾದರೂ ಅರ್ಥವಾಗದಿದ್ದರೆ ಇಲ್ಲೇ ಕೇಳಿ, ನಾನು ನೋಡಿ ಹೇಳುತ್ತೇನೆ.