30 ಪರ್ಸೆಂಟ್ ಅಂತ ಬರೆದಿದ್ದರೂ ಪಿಂಚಣಿ ಯಾಕೆ ಬರಲಿಲ್ಲ?

ತಂದೆಯವರು 2019ರಲ್ಲಿ ಸೇನೆಯ ತೋಪಖಾನೆಯಿಂದ (ಫಿರಂಗಿ ದಳ) ಹವಾಲ್ದಾರರಾಗಿ ನಿವೃತ್ತರಾದರು, ಕಿವಿಗೆ 30 ಪರ್ಸೆಂಟ್ ಅಂಗವೈಕಲ್ಯ ಅಂತ ಸೇನೆಯ ಮೆಡಿಕಲ್ ಬೋರ್ಡ್ ಬರೆದಿದೆ, ಆದರೂ ಅಂಗವೈಕಲ್ಯ ಪಿಂಚಣಿ ತಿರಸ್ಕಾರ ಆಯ್ತು, ಆಳಂದದಿಂದ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ.

ಇಲ್ಲಿ ತೊಡಕು ಪರ್ಸೆಂಟ್‌ದಲ್ಲ. 20 ಇದ್ದರೆ ಸಾಕು. ಬೋರ್ಡ್ ಕಾಗದದಲ್ಲಿ ಇನ್ನೊಂದು ಕಾಲಂ ಇರುತ್ತದೆ: ತೊಂದರೆ ಸೇವೆಯಿಂದ ಬಂದಿದೆಯಾ, ಸೇವೆಯಿಂದ ಜಾಸ್ತಿ ಆಗಿದೆಯಾ? ಎರಡಕ್ಕೂ "ಇಲ್ಲ" ಅಂದಿದ್ದರೆ ಅರ್ಜಿ ಅಲ್ಲೇ ನಿಂತಿರುತ್ತದೆ. ಆ "ಇಲ್ಲ"ಕ್ಕೆ ಕಾರಣ ಬರೆದಿದ್ದಾರಾ, ಮೊದಲು ಅದನ್ನು ನೋಡಿ. ಭರ್ತಿಯಾಗುವಾಗ ಕಾಯಿಲೆ ನಮೂದಾಗಿರದಿದ್ದರೆ ಅದು ಸೇವೆಯಲ್ಲೇ ಬಂದಿದ್ದು ಅಂತ ತಿಳಿಯಬೇಕು, ಅಲ್ಲ ಅಂದರೆ ಬೋರ್ಡ್ ಕಾರಣ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವರ್ಷಗಟ್ಟಲೆ ತೋಪಿನ ಸದ್ದಿನ ಪಕ್ಕ ನಿಂತವರ ಕಿವಿ ಇದು, ಅಲ್ವಾ?

ಗೆದ್ದರೆ 30 ಅನ್ನು 50 ಅಂತ ಲೆಕ್ಕ ಹಿಡಿಯುತ್ತಾರೆ. ಅಂಗವೈಕಲ್ಯ 100 ಪರ್ಸೆಂಟ್ ಇದ್ದರೆ ಕೊನೆಯ ಸಂಬಳದ ಶೇ. 30 ಕೊಡುತ್ತಾರೆ, ಕಡಿಮೆ ಇದ್ದರೆ ಅದೇ ಲೆಕ್ಕದಲ್ಲಿ ಕಡಿಮೆ. ಸಂಬಳ 40,000 ಇದ್ದರೆ 50ಕ್ಕೆ ತಿಂಗಳಿಗೆ 6,000, ಮೇಲೆ ತುಟ್ಟಿಭತ್ಯೆ. ಈಗಿನ ಪಿಂಚಣಿ ಹಾಗೇ ಇರುತ್ತದೆ. 2023ರ ಸೆಪ್ಟೆಂಬರ್ ನಂತರ ನಿವೃತ್ತರಾದವರಿಗೆ ನಿಯಮ ಬೇರೆ, ಅವರ ಮಾತು ಕೇಳಿ ಗಾಬರಿಯಾಗಬೇಡಿ.

ಜಿಲ್ಲಾ ಆಸ್ಪತ್ರೆಯ ಅಂಗವಿಕಲರ ಕಾರ್ಡ್ ಇದಕ್ಕೆ ನಡೆಯುವುದಿಲ್ಲ. ಅದಕ್ಕೆ ಸುಮ್ನೆ ಅಲೆಯಬೇಡಿ. ತಿರಸ್ಕಾರದ ಪತ್ರ, ಬೋರ್ಡ್ ಕಾಗದ, ಡಿಸ್ಚಾರ್ಜ್ ಬುಕ್ ಹಿಡಿದು ಕಲಬುರಗಿಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಮೊದಲ ಮೇಲ್ಮನವಿ ತಂದೆಯವರ ಸೇವಾ ದಾಖಲೆ ಇಟ್ಟಿರುವ ಸೇನೆಯ ರೆಕಾರ್ಡ್ ಆಫೀಸಿಗೆ ಕಳಿಸಿ, ತಡ ಯಾಕಾಯ್ತು ಅಂತ ಅದರಲ್ಲೇ ಬರೆಯಿರಿ. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕಕ್ಕೆ ಅದರ ಪೀಠ ಕೊಚ್ಚಿಯಲ್ಲಿದೆ. ಏಜೆಂಟರ ಕೈಗೆ ಮೂಲ ಕಾಗದ ಕೊಡಲೇಬೇಡಿ.