ಪ್ರಸಂಗ ಮೊದಲೇ ಹೇಳಿದ್ರಾ?

ಉಡುಪಿಯ ಓದುಗರೊಬ್ಬರ ಪತ್ರ: ‘ವಾರಕ್ಕೊಮ್ಮೆ ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಿ, ದಾಳ ಉರುಳಿಸಿ ಆಡುತ್ತಾರೆ. ಈ ಸಲ ನಾನು ಹಳೆಯ ತುಳುನಾಡಿನ ಕಥೆ ಕಟ್ಟಿದ್ದೆ. ಅದರಲ್ಲಿ ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನ ಗೆಳತಿಯೊಬ್ಬಳ ಪಾತ್ರವನ್ನು ಅಂಗಳದ ಹೊರಗೆ ನಿಲ್ಲಿಸಿ, ಜಾತಿ ಎತ್ತಿ ಬೈದ. ಅವಳು ದಾಳ ಕೆಳಗಿಟ್ಟು ಎದ್ದು ಹೋದಳು. ಇದು ಆಟ ಅಲ್ವಾ? ನಾನು ಹೇಳಿದ್ದು ಸುಳ್ಳಾ?’

ಸುಳ್ಳಲ್ಲ. ಆದರೆ ತಾಳಮದ್ದಳೆಯನ್ನು ಒಮ್ಮೆ ನೆನಪಿಸಿಕೊಳ್ಳಿ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನಿಮ್ಮ ಆಟಕ್ಕೆ ನಮ್ಮೂರಲ್ಲಿ ಅದಕ್ಕಿಂತ ಹತ್ತಿರದ ನೆಂಟ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟಬೇಕು. ಅಲ್ಲೂ ಶಲ್ಯ ಕರ್ಣನ ಕುಲ ಎತ್ತಿ ಚುಚ್ಚುತ್ತಾನೆ. ಆದರೆ ಕರ್ಣನ ಅರ್ಥ ಹೇಳುವವರಿಗೆ ಪ್ರಸಂಗ ಗೊತ್ತಿರುತ್ತದೆ. ಉತ್ತರ ಇಟ್ಟುಕೊಂಡೇ ಬಂದಿರುತ್ತಾರೆ. ನಿಮ್ಮ ಮೇಜಿನಲ್ಲಿ ಪ್ರಸಂಗ ಗೊತ್ತಿದ್ದದ್ದು ನಿಮಗೊಬ್ಬರಿಗೇ.

ಆಟದವರು ‘ಸೆಷನ್ ಝೀರೋ’ ಅನ್ನುವುದು ಇದಕ್ಕೇ. ದಾಳ ಉರುಳಿಸುವ ಮೊದಲು ಒಂದು ಸಂಜೆ ಕೂತು ಮಾತಾಡುವುದು. ಯಾವುದು ಕಥೆಗೆ ಬರಲೇಬಾರದೋ ಅದು ‘ಲೈನ್’. ಯಾವುದು ನಡೆದರೂ ವಿವರ ಬೇಡವೋ, ತೆರೆಯ ಹಿಂದೆಯೇ ಮುಗಿಯಬೇಕೋ, ಅದು ‘ವೇಲ್’. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಇನ್ನೂ ಸುಲಭ. ಎಕ್ಸ್ ಗುರುತಿನ ಒಂದು ಚೀಟಿ ಮೇಜಿನ ಮೇಲಿರುತ್ತದೆ. ಯಾರು ಮುಟ್ಟಿದರೂ ಆ ದೃಶ್ಯ ಬಿಟ್ಟು ಮುಂದೆ ಹೋಗಬೇಕು. ಕಾರಣ ಹೇಳಬೇಕಿಲ್ಲ.

ಈ ‘ಕಾರಣ ಬೇಡ’ ಅನ್ನುವುದು ನನಗೂ ಜಾಸ್ತಿಯಾಯಿತು ಅನಿಸಿತ್ತು. ಒಮ್ಮೆ ಮಂಗಳೂರಿನಲ್ಲಿ ನಾನೇ ಆಟ ನಡೆಸುತ್ತಿದ್ದೆ. ಮಳೆಗಾಲದ ರಾತ್ರಿ, ಅಳಿವೆಯಲ್ಲಿ ದೋಣಿ ಮಗುಚುವ ದೃಶ್ಯ. ಜಾತಿ ಇಲ್ಲ, ಧರ್ಮ ಇಲ್ಲ, ಏನು ತೊಂದರೆ ಅಂತ ರಸವತ್ತಾಗಿ ಹೇಳಿದೆ. ಮಲ್ಪೆ ಕಡೆಯ ಹುಡುಗನೊಬ್ಬ ಆಮೇಲೆ ಬಾಯೇ ಬಿಡಲಿಲ್ಲ. ಅವನ ಮಾವ ಕಡಲಿಗೆ ಹೋದವರು ವಾಪಸ್ ಬಂದಿರಲಿಲ್ಲ. ನನಗೆ ಗೊತ್ತಾಗಿದ್ದು ತಿಂಗಳ ಮೇಲೆ, ಬೇರೆಯವರಿಂದ. ಎಲ್ಲರೆದುರು ಅದನ್ನು ಅವನು ಹೇಗೆ ಹೇಳಬೇಕಿತ್ತು?

ಹಾಗಂತ ಜಾತಿಯನ್ನು ಆಟದಿಂದ ಗುಡಿಸಿ ಹಾಕಬೇಕಾ? ನನ್ನ ಪ್ರಕಾರ ಬೇಡ. ಅದಿಲ್ಲದ ಹಳೆಯ ತುಳುನಾಡು ಬರೀ ಟೂರಿಸ್ಟ್ ಪೋಸ್ಟರ್. ಆದರೆ ಇದು ಓರ್ಕ್ ಎಂಬ ಕಾಲ್ಪನಿಕ ರಾಕ್ಷಸರ ಕಥೆ ಅಲ್ಲ. ಓರ್ಕ್ ಯಾರ ಅಜ್ಜನೂ ಅಲ್ಲ, ಆದರೂ ಈ ಆಟದ 2024ರ ನಿಯಮ ಪುಸ್ತಕದಲ್ಲಿ ಇಂಥವರಿಗೆ ‘ರೇಸ್’ (ಜನಾಂಗ) ಅನ್ನುವ ಪದ ತೆಗೆದು ‘ಸ್ಪೀಷೀಸ್’ (ಜೀವಜಾತಿ) ಅಂತ ಮಾಡಿದರು. ನಮ್ಮಲ್ಲಿ ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಷೇಧಿಸಲು ಕಾಯ್ದೆ ಬಂದದ್ದೇ 2000ರಲ್ಲಿ. ನೀವು ‘ಹಳೆಯ’ ಅಂದ ಕಾಲ ಅಷ್ಟು ಹಳೆಯದೇನಲ್ಲ.

ಗೆಳತಿಗೆ ಒಂದು ಫೋನ್ ಮಾಡಿ. ‘ಯಾಕೆ ಎದ್ದು ಹೋದೆ’ ಅಂತ ಕೇಳಬೇಡಿ. ತಪ್ಪಾಯಿತು ಅನ್ನಿ, ಮುಂದಿನ ಕಥೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಿ. ಆ ಅಂಗಳ ಇರಬೇಕಾ ಬೇಡವಾ, ಅವಳು ಹೇಳಲಿ. ಬರುವುದಿಲ್ಲ ಅಂದರೆ ಒತ್ತಾಯ ಬೇಡ.

– ಸಂಪಾದಕ